ಹಿಮ್ಮುಖವಾಗಿ ಸಾಗುವ ಹಾಯಿದೋಣಿ

ಗಾಳಿಯ ಬಲದಿಂದ ದೋಣಿಯು ಮುಂದಕ್ಕೆ ಸಾಗುವುದನ್ನು ನಾವೆಲ್ಲರೂ ಬಲ್ಲೆವು. ಅದೇ ಗಾಳಿಯಿಂದ ಅದೇ ದೋಣಿಯನ್ನು ಹಿಂದಕ್ಕೂ ನಡೆಸಬಹುದೆಂದರೆ ಕೇಳುವವರಲ್ಲಿ ಕೆಲವರಿಗಾದರೂ ಆಶ್ಚರ್ಯವಾದೀತು. ಬಂಡಿಯನ್ನು ಹಿಂದಕ್ಕೆ ಸರಿಸಬೇಕಾದರೆ ಎತ್ತುಗಳ ಮೂಗುದಾರವನ್ನು ಹಿಡಿದು ಒತ್ತಬಹುದು. ಗಾಳಿಗೆ ಮೂಗುದಾರವಿಲ್ಲ. ಆದರೂ ನಾವಿಕರು ಶತಮಾನಗಳಿಂದ ಈ ಕೆಲಸವನ್ನು ಸಾಧಿಸಿಕೊಂಡು ಬಂದಿದ್ದಾರೆ. ಅದಕ್ಕೆ ಅವರು ಕಂಡುಕೊಂಡ ದಾರಿಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಒಂದು ಕೈಚಳಕದ ದಾರಿ. ಇನ್ನೊಂದು ದೋಣಿಯ ರೂಪವನ್ನೇ ಬದಲಿಸಿದ ದಾರಿ.

ಮೊದಲು ಚಿಕ್ಕ ದೋಣಿಯೊಂದನ್ನು ಭಾವಿಸಿಕೊಳ್ಳೋಣ. ಅದರ ಮುಂಗೊನೆಯು ನೇರವಾಗಿ ಗಾಳಿಗೆ ಎದುರಾಗಿ ನಿಂತಿದೆ. ಹಾಯಿಯು ಎರಡು ಬದಿಗೂ ಪಟಪಟನೆ ಬಡಿಯುತ್ತಿದೆಯೇ ಹೊರತು ದೋಣಿಯು ಕದಲದು. ಆಗ ನಾವಿಕನು ಹಾಯಿಯ ಕೆಳಗಣ ಅಡ್ಡಮರವನ್ನು ಕೈಯಿಂದ ಒಂದು ಪಕ್ಕಕ್ಕೆ ನೂಕಿ ಹಿಡಿಯುತ್ತಾನೆ. ಎದುರಿನಿಂದ ಬರುವ ಗಾಳಿಯು ಹಾಯಿಯ ಮುಂಭಾಗಕ್ಕೆ ತಗಲಿ ದೋಣಿಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ. ಕಟ್ಟೆಯಿಂದ ಬಿಡಿಸಿಕೊಳ್ಳುವುದಕ್ಕೂ, ಗಾಳಿಯ ಎದುರಿನಲ್ಲಿ ಸಿಕ್ಕಿಬಿದ್ದಾಗ ಪಾರಾಗುವುದಕ್ಕೂ ಇದೇ ಉಪಾಯ.

ಇಲ್ಲಿ ತೊಡಕಿರುವುದು ಹಾಯಿಯಲ್ಲಲ್ಲ, ಚುಕ್ಕಾಣಿಯಲ್ಲಿ. ಮುಂದೆ ಸಾಗುವಾಗ ಚುಕ್ಕಾಣಿಯ ಹಲಗೆಯು ಬಲಕ್ಕೆ ಹೊರಳಿದರೆ ದೋಣಿಯ ಮೂತಿಯೂ ಬಲಕ್ಕೆ ತಿರುಗುವುದು. ಹಿಂದೆ ಸಾಗುವಾಗಲಾದರೋ ಹಲಗೆಯು ಹೊರಳಿದ ಕಡೆಗೆ ಹಿಂಗೊನೆಯು ಹೋಗುತ್ತದೆ. ಮೂತಿಯು ಅದಕ್ಕೆ ವಿರುದ್ಧವಾದ ದಿಕ್ಕಿಗೆ ಹೊರಳುತ್ತದೆ. ಅದಲ್ಲದೆ ಹಿಂದಿನಿಂದ ನುಗ್ಗುವ ನೀರು ಹಲಗೆಯನ್ನು ಒಂದು ಪಕ್ಕಕ್ಕೆ ಅಪ್ಪಳಿಸಲು ಹವಣಿಸುತ್ತಿರುತ್ತದೆ. ಹಿಡಿ ಸಡಲಿದರೆ ಚುಕ್ಕಾಣಿಯೇ ಮುರಿಯಬಹುದು. ಆದುದರಿಂದ ಹಿಮ್ಮುಖವಾಗಿ ನಡೆಸುವವನು ಬಿಗಿಯಾಗಿ ಹಿಡಿಯಬೇಕು, ಸ್ವಲ್ಪವೇ ತಿರುಗಿಸಬೇಕು, ತನ್ನ ಅಭ್ಯಾಸವನ್ನೆಲ್ಲ ತಿರುವುಮುರುವು ಮಾಡಿಕೊಳ್ಳಬೇಕು.

ಈ ವಿದ್ಯೆಯು ವಿನೋದಕ್ಕಾಗಿ ಬೆಳೆದುದಲ್ಲ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಮೊದಲಾದ ಬಂದರುಗಳಿಂದ ಲಂಡನ್ ನಗರದ ಒಲೆಗಳಿಗೆ ಕಲ್ಲಿದ್ದಲನ್ನು ಹೊತ್ತ ಹಡಗುಗಳು ಥೇಮ್ಸ್ ನದಿಯನ್ನು ಏರಿ ಬರುತ್ತಿದ್ದುವು. ನದಿಯು ಇಕ್ಕಟ್ಟು, ಅದರ ತುಂಬ ನೌಕೆಗಳು. ಗಾಳಿ ಎದುರಾಗಿದ್ದರೆ ಓರೆಯಾಗಿ ಅತ್ತಿತ್ತ ಹೊರಳಿ ಸಾಗುವುದಕ್ಕೂ ಎಡೆ ಸಾಲದು. ಆಗ ನಾವಿಕರು ಸಮುದ್ರದ ಉಬ್ಬರವನ್ನು ನೆಮ್ಮುತ್ತಿದ್ದರು. ಹಡಗನ್ನು ಪ್ರವಾಹಕ್ಕೆ ಅಡ್ಡಲಾಗಿ ನಿಲ್ಲಿಸಿದರೆ ಉಬ್ಬರದ ನೀರೇ ಅದನ್ನು ಗಾಳಿಗೆ ಎದುರಾಗಿ ಹೊತ್ತುಕೊಂಡು ಹೋಗುವುದು. ಉಳಿದುದೊಂದೇ ಕೆಲಸ: ದಡಕ್ಕೆ ತಗಲದಂತೆ ನೋಡಿಕೊಳ್ಳುವುದು. ಒಂದು ದಡವು ಸಮೀಪಿಸಿದೊಡನೆ ಹಾಯಿಗಳನ್ನು ತಿರುಗಿಸಿ ಗಾಳಿಯನ್ನು ಅವುಗಳ ಮುಂಭಾಗಕ್ಕೆ ಹಿಡಿಸುವರು. ಹಡಗು ಹಿಂದಕ್ಕೆ ಸರಿಯುವುದು. ಎದುರು ದಡವು ಹತ್ತಿರವಾದಾಗ ಮತ್ತೆ ಹಾಯಿಗಳನ್ನು ತುಂಬಿಸುವರು. ಹಡಗು ಮುಂದಕ್ಕೆ ಬರುವುದು. ಹೀಗೆ ಮುಂದೆ ಹಿಂದೆ ತೂಗುಯ್ಯಾಲೆಯಂತೆ ಆಡುತ್ತ, ಅಡ್ಡಲಾಗಿಯೇ ಅದು ಊರು ಸೇರುವುದು.

ವಿಲಿಯಂ ಹಚಿನ್ಸನ್ ಎಂಬಾತನು ಬಾಲ್ಯದಲ್ಲಿ ಇಂಥ ಒಂದು ಕಲ್ಲಿದ್ದಲ ಹಡಗಿನಲ್ಲಿ ಅಡಿಗೆಯ ಹುಡುಗನಾಗಿದ್ದವನು. ಮುಂದೆ ಲಿವರ್‌ಪೂಲ್ ಬಂದರಿನ ಅಧಿಕಾರಿಯಾಗಿ, 1777ರಲ್ಲಿ ನೌಕಾಚಾಲನೆಯ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಇಕ್ಕಟ್ಟಿನ ನೀರಿನಲ್ಲಿ ಹಡಗು ನಡೆಸುವುದರಲ್ಲಿ ಕಲ್ಲಿದ್ದಲ ನಾವಿಕರ ನೈಪುಣ್ಯವನ್ನು ಅವನು ಮೆಚ್ಚಿ ಬರೆದಿದ್ದಾನೆ. ಜೇಮ್ಸ್ ಕುಕ್ ನೌಕಾವಿದ್ಯೆಯನ್ನು ಕಲಿತುದು ವಿಟ್ಬಿಯ ಕಲ್ಲಿದ್ದಲ ಹಡಗುಗಳಲ್ಲಿಯೇ. 1768ರಲ್ಲಿ ಅವನು ಪೆಸಿಫಿಕ್ ಸಾಗರಕ್ಕೆ ಕೊಂಡೊಯ್ದ ಎಂಡೆವರ್ ನೌಕೆಯೂ ಮೊದಲು ಕಲ್ಲಿದ್ದಲನ್ನು ಹೊತ್ತುದೇ.

ಇದು ಹಿಂದುಮುಂದುಗಳ ಭೇದವುಳ್ಳ ನೌಕೆಯ ಪಾಡು. ಮುಂದೆ ಹೋಗಲೆಂದು ಕಟ್ಟಿದುದನ್ನು ಹಿಂದೆ ನಡೆಸಬೇಕಾದ್ದರಿಂದಲೇ ಇಷ್ಟೆಲ್ಲ ಜಾಣ್ಮೆ ಬೇಕಾಯಿತು. ಆ ಭೇದವನ್ನೇ ತೊಡೆದುಹಾಕಿದರೆ ಹೇಗೆ? ಈ ಪ್ರಶ್ನೆಗೆ ಉತ್ತರವು ಪೆಸಿಫಿಕ್ ಸಾಗರದ ಮೇರಿಯಾನಾ ದ್ವೀಪಗಳಲ್ಲಿ ಚಮೋರೋ ಜನರ ಕೈಯಲ್ಲಿ ಬಹುಕಾಲದಿಂದ ಸಿದ್ಧವಾಗಿದ್ದಿತು.

ಅವರ ದೋಣಿಗೆ ಎರಡು ಕೊನೆಗಳೂ ಒಂದೇ ಬಗೆ. ಬದಿಗಳು ಮಾತ್ರ ಬೇರೆ ಬೇರೆ: ಗಾಳಿಯತ್ತ ಇರುವ ಬದಿಯು ಉಬ್ಬಿದ್ದು, ಇನ್ನೊಂದು ಬದಿಯು ಚಪ್ಪಟೆ. ಗಾಳಿಯ ಕಡೆಗೆ ಚಾಚಿದ ತೊಲೆಗಳ ತುದಿಯಲ್ಲಿ ತೇಲುಮರವೊಂದಿದ್ದು, ಅದರ ಭಾರವು ಕಿರಿದಾದ ದೋಣಿಯನ್ನು ಮಗುಚದಂತೆ ಕಾಯುತ್ತದೆ. ಈ ತೇಲುಮರವು ಯಾವಾಗಲೂ ಗಾಳಿಯ ಕಡೆಗೇ ಇರಬೇಕು. ಆದಕಾರಣ ದಿಕ್ಕನ್ನು ಬದಲಿಸುವಾಗ ಬೇರೆ ದೋಣಿಗಳಂತೆ ಇದು ಮೂತಿಯನ್ನು ಗಾಳಿಯ ಮೂಲಕ ಹೊರಳಿಸಲಾರದು. ಅದಕ್ಕೆ ಬದಲಾಗಿ ನಾವಿಕರು ದೋಣಿಯನ್ನು ಅರೆಗಳಿಗೆ ನಿಲ್ಲಿಸಿ, ತ್ರಿಕೋಣಾಕಾರದ ಹಾಯಿಯ ಮುಂಮೂಲೆಯನ್ನು ಹೊತ್ತು ಇನ್ನೊಂದು ಕೊನೆಗೆ ಒಯ್ಯುತ್ತಾರೆ. ಹಾಯಿಕಂಬವು ಆ ಕಡೆಗೆ ವಾಲುತ್ತದೆ. ಚುಕ್ಕಾಣಿಯ ಹುಟ್ಟೂ ಎದುರು ಕೊನೆಗೆ ಹೋಗುತ್ತದೆ. ಹಿಂದು ಮುಂದಾಯಿತು, ದೋಣಿಯು ಬಂದ ದಿಕ್ಕಿನ ಕಡೆಗೇ ಪೂರ್ಣ ವೇಗದಿಂದ ಓಡಲು ತೊಡಗಿತು. ಥೇಮ್ಸ್ ನದಿಯಲ್ಲಿ ಸಂಕಟದ ಉಪಾಯವಾಗಿದ್ದುದು ಇಲ್ಲಿ ದಿನನಿತ್ಯದ ನಡೆ.

1521ರ ಮಾರ್ಚ್ 6ರಂದು ಮೆಗಲ್ಲನನ ನೌಕೆಗಳು ಗ್ವಾಮ್ ದ್ವೀಪದ ಬಳಿಗೆ ಬಂದಾಗ, ಜೊತೆಯಲ್ಲಿದ್ದ ಪಿಗಾಫೆಟ್ಟನು ಈ ದೋಣಿಗಳ ವೇಗವನ್ನೂ, ಬೇಕಾದಾಗ ಹಿಂದನ್ನು ಮುಂದಾಗಿಸಿಕೊಳ್ಳುವ ಗುಣವನ್ನೂ ಬರೆದಿಟ್ಟನು. ಈ ದ್ವೀಪಗಳಿಗೆ ಮೊದಲು ಕೊಟ್ಟ ಹೆಸರು ಹಾಯಿಗಳ ದ್ವೀಪಗಳೆಂದು. ಬಳಿಕ ಚಿಕ್ಕ ದೋಣಿಯೊಂದು ಕಳುವಾಯಿತೆಂದು ಮೆಗಲ್ಲನನು ಹಳ್ಳಿಯೊಂದಕ್ಕೆ ಬೆಂಕಿಯಿಟ್ಟು ಏಳು ಜನರನ್ನು ಕೊಲ್ಲಿಸಿದನು. ಹಾಯಿಗಳ ದ್ವೀಪಗಳು ಕಳ್ಳರ ದ್ವೀಪಗಳಾದುವು. 1686ರಲ್ಲಿ ಇಲ್ಲಿಗೆ ಬಂದ ಡ್ಯಾಂಪಿಯರನು ದೋಣಿಯೊಂದನ್ನೇರಿ ಅದರ ವೇಗವನ್ನು ಅಳೆದನು. ಗಂಟೆಗೆ 24 ಮೈಲಿ ಓಡಬಲ್ಲುದೆಂದು ಅವನ ನಂಬಿಕೆ.

ಆ ವೇಳೆಗೆ ಚಮೋರೋ ಜನರ ದುರ್ದಿನಗಳು ಮೊದಲಾಗಿದ್ದುವು. 1668ರಲ್ಲಿ ಸ್ಪೇನಿನವರು ಬಂದು ನೆಲಸಿದ ಮೇಲೆ ಕಾಳಗಗಳೂ ಹೊಸ ರೋಗಗಳೂ ಜನರನ್ನು ನುಂಗಿದುವು. ಅಳಿದುಳಿದ ಬಡಗಣ ದ್ವೀಪದವರನ್ನು ಆ ಶತಮಾನವು ಮುಗಿಯುವುದರೊಳಗೆ ಗ್ವಾಮಿಗೆ ಸಾಗಿಸಲಾಯಿತು. ದ್ವೀಪದಿಂದ ದ್ವೀಪಕ್ಕೆ ಹೋಗುವ ಬಾಳೇ ಇಲ್ಲವಾದ ಮೇಲೆ ದೋಣಿಯಿಂದೇನು? 1742ರಲ್ಲಿ ಇಂಗ್ಲೆಂಡಿನ ಆನ್ಸನನು ಟಿನಿಯನ್ ದ್ವೀಪಕ್ಕೆ ಬಂದಾಗ ಅಲ್ಲಿ ನೆಲಸಿದ ಪ್ರಜೆಗಳೇ ಇರಲಿಲ್ಲ. ದನದ ಮಾಂಸವನ್ನು ಒಣಗಿಸಿ ಒಯ್ಯಲು ಗ್ವಾಮಿನಿಂದ ಬಂದವರ ಒಂದು ದೋಣಿಯು ಅವನ ಕೈಗೆ ಸಿಕ್ಕಿತು. ಅದನ್ನು ಪರೀಕ್ಷಿಸಿ, ಅಳತೆ ಹಿಡಿದು ಚಿತ್ರ ಬರೆಯಿಸಿದರು. 1748ರಲ್ಲಿ ಅಚ್ಚಾದ ಅವನ ಯಾತ್ರೆಯ ಪುಸ್ತಕದಲ್ಲಿ ಆ ಚಿತ್ರವು ಪ್ರಕಟವಾಗಿ ಯೂರೋಪಿನ ವಿದ್ವಾಂಸರನ್ನು ಬೆರಗುಗೊಳಿಸಿತು. ಹೀಗೆ ದೋಣಿಯ ಕೀರ್ತಿಯು ಯೂರೋಪಿನಲ್ಲಿ ಹಬ್ಬಿತು. ಅದನ್ನು ಕಟ್ಟುವ ಕೈಗಳು ತವರಿನಲ್ಲಿ ವಿರಳವಾದುವು. ಮುಂದೆ ಆ ದೊಡ್ಡ ಹಾಯಿದೋಣಿಗಳು ಮೇರಿಯಾನಾ ದ್ವೀಪಗಳಲ್ಲಿ ಕಾಣದಾದುವು. ದೋಷವು ದೋಣಿಯದಾಗಿರಲಿಲ್ಲ.

ಆದರೆ ವಿದ್ಯೆಯು ಪೂರ್ತಿ ಅಳಿಯಲಿಲ್ಲ. ತೆಂಕಣ ಕ್ಯಾರೊಲೈನ್ ದ್ವೀಪಗಳಲ್ಲಿ, ಸತವಾಲ್, ಪೊಲೊವಾಟ್ ಮೊದಲಾದ ಪುಟ್ಟ ನೆಲೆಗಳಲ್ಲಿ, ಹಿಂದುಮುಂದಾಗುವ ಹಾಯಿದೋಣಿಗಳ ಪರಂಪರೆಯು ತಂದೆಯಿಂದ ಮಗನಿಗೆ ಇಳಿದು ನಮ್ಮ ಕಾಲದವರೆಗೂ ಉಳಿದು ಬಂದಿದೆ. ಈ ಶತಮಾನದಲ್ಲಿ ಚಮೋರೋ ಜನರೂ ಆನ್ಸನನ ಪುಸ್ತಕದ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ತಮ್ಮ ಪೂರ್ವಿಕರ ದೋಣಿಯನ್ನು ಮತ್ತೆ ಕಟ್ಟಿ ಕಡಲಿಗಿಳಿಸಿದ್ದಾರೆ. ಚಿತ್ರವು ಮರದ ಅಳತೆಯನ್ನು ಹೇಳಬಲ್ಲುದು. ಗಾಳಿ ಬೀಸುತ್ತಿರುವಾಗ ಹಾಯಿಯ ಮೂಲೆಯನ್ನು ಹೆಗಲ ಮೇಲೆ ಹೊತ್ತು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆಯುವುದು ಹೇಗೆಂಬುದನ್ನಾದರೋ ನಡೆದು ಬಲ್ಲವರಿಂದಲೇ ಕಲಿಯಬೇಕು.