ಲ್ಯಾಟರೈಟ್ ಒಳಗಿರುವ ಇಟ್ಟಿಗೆ

ಮಂಗಳೂರು, ಉಡುಪಿ ಕಡೆ ಮನೆಗೋಡೆಗೆ, ಕಾಂಪೌಂಡಿಗೆ ಕಟ್ಟುವ ತೂತು ತೂತಿನ ಕೆಂಪು ಕಲ್ಲು ನೋಡಿರುತ್ತೀರಿ. ಅಲ್ಲಿನವರಿಗೆ ಅದು ಮುರಕಲ್ಲು. ಬೀದರ್ ಕೋಟೆಯ ಕೆಂಪು ಕಲ್ಲೂ ಅದೇ ಜಾತಿಯದು. ಭೂವಿಜ್ಞಾನಿಗಳು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಹೆಸರು ಸೀಮೆಯದರಂತೆ ಕೇಳಿಸಿದರೂ ಅದು ಹುಟ್ಟಿದ್ದು ಪಕ್ಕದ ಮಲಬಾರಿನಲ್ಲಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂಬ ಲೆಕ್ಕ ಈಸ್ಟ್ ಇಂಡಿಯಾ ಕಂಪನಿಗೆ ಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಕೆಲಸಕ್ಕೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ಡಾಕ್ಟರನ್ನು ಕಳಿಸಿದ. 1800ರಲ್ಲಿ ಮದ್ರಾಸಿನಿಂದ ಹೊರಟ ಬುಕಾನನ್ ಮೈಸೂರು ಸೀಮೆ ದಾಟಿ, ವರ್ಷದ ಕೊನೆಗೆ ಅಂಗಡಿಪುರಂ ತಲುಪಿದ. ಈಗ ಅದು ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿದೆ.

ಅಲ್ಲಿನ ಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ. ಕೆಲಸಗಾರರು ಪಿಕಾಸಿಯಿಂದ ಚೌಕವಾಗಿ ಕಡಿದು, ಕೂಡಲೇ ಕರಣೆಯಿಂದಲೋ ದೊಡ್ಡ ಕತ್ತಿಯಿಂದಲೋ ಬೇಕಾದ ಆಕಾರಕ್ಕೆ ತರುತ್ತಿದ್ದರು. ಗಾಳಿಗೆ ಬಿಟ್ಟರೆ ಬೇಗನೆ ಇಟ್ಟಿಗೆಯಂತೆ ಗಟ್ಟಿ. ಭಾರತದಲ್ಲಿ ತಾನು ಕಂಡ ಯಾವ ಇಟ್ಟಿಗೆಗಿಂತಲೂ ಇದು ಗಾಳಿ, ನೀರಿಗೆ ಚೆನ್ನಾಗಿ ತಡೆಯುತ್ತದೆ ಎಂದು ಬುಕಾನನ್ ಬರೆದ.

1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ಇಲ್ಲಿನ ಹಲವು ನುಡಿಗಳಲ್ಲಿ ಇದಕ್ಕೆ ‘ಇಟಿಕ ಕಲ್ಲು’ ಎನ್ನುತ್ತಾರೆ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ‘ಲೇಟರ್’. ಅದರಿಂದಲೇ ಲ್ಯಾಟರೈಟ್ ಎಂಬ ಹೆಸರು ಕಟ್ಟಿದ. ಅಂದರೆ ಹೊಸದಾಗಿ ಏನನ್ನೂ ಹುಡುಕಲಿಲ್ಲ, ಊರವರ ಮಾತನ್ನೇ ಲ್ಯಾಟಿನ್ನಿಗೆ ತಿರುಗಿಸಿದ. ಅವನೇನೋ ಇದನ್ನು ಮುಚ್ಚಿಡಲಿಲ್ಲ. ಆದರೆ ಪಾಠಗಳಲ್ಲಿ ಬುಕಾನನ್ ಉಳಿದ, ಲ್ಯಾಟಿನ್ ಉಳಿಯಿತು. ಇಟಿಕ ಕಲ್ಲು ಬಿಟ್ಟುಹೋಯಿತು.

ಊರವರು ಹೆಸರಿಟ್ಟಿದ್ದು ಕಲ್ಲಿನ ಉಪಯೋಗ ನೋಡಿ. ಕಲ್ಲಿನೊಳಗೆ ಏನಿದೆ ಎಂಬ ಪ್ರಶ್ನೆ ಆಮೇಲಿನದು. ಜೋರು ಮಳೆಯ ಬಿಸಿ ನಾಡಿನಲ್ಲಿ ಬಂಡೆಯ ಸಿಲಿಕಾ ಕಾಲಕ್ರಮೇಣ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ್ದು. ಮುಂದೆ ಆಫ್ರಿಕಾ, ಆಸ್ಟ್ರೇಲಿಯಾದ ಕೆಂಪು ಮಣ್ಣಿಗೂ, ಗಟ್ಟಿ ಪದರಕ್ಕೂ ಇದೇ ಹೆಸರು ಅಂಟಿತು. ಕಡಿದಿಟ್ಟರೆ ಗಟ್ಟಿಯಾಗದ್ದನ್ನು ಲ್ಯಾಟರೈಟ್ ಎನ್ನಬಹುದೇ ಎಂದು ವಿಜ್ಞಾನಿಗಳು ಬಹುಕಾಲ ಜಗಳಾಡಿದರು. ಮುರಕಲ್ಲು ಕಡಿಯುವವರಿಗೆ ಆ ಗೊಂದಲವೇ ಇರಲಿಲ್ಲ.

ನಮ್ಮ ಶಾಲೆಯ ಪುಸ್ತಕಗಳಲ್ಲಿ ಲ್ಯಾಟರೈಟ್ ಮಣ್ಣಿಗೆ ‘ಜಂಬಿಟ್ಟಿಗೆ ಮಣ್ಣು’ ಎಂದಿದೆ. ಲೇಟರ್ ಎಂದರೆ ಇಟ್ಟಿಗೆ ಎಂದು ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಜಂಬಿಟ್ಟಿಗೆಯೊಳಗಿನ ಇಟ್ಟಿಗೆಯನ್ನು ಯಾರೂ ತೋರಿಸುವುದಿಲ್ಲ. ಅಂಗಡಿಪುರಂನ ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.