ಬೀಗ ಬಿದ್ದ ವಾಚನಾಲಯದಿಂದ ಅರಿವು ಕೇಂದ್ರಕ್ಕೆ

ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ರೂಪುಗೊಂಡದ್ದು 1965ರಲ್ಲಿ. ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರವೇ ಈ ವ್ಯವಸ್ಥೆಯ ಜೀವಾಳ. ಆ ಹಣ ಸ್ಥಳೀಯ ಸಂಸ್ಥೆಗಳಲ್ಲೇ ಬಾಕಿ ಉಳಿಯುವುದು ಹಳೆಯ ರೋಗ. ಹಳ್ಳಿಯಲ್ಲಿ ಗ್ರಂಥಾಲಯವೆಂದರೆ ಬಹುಪಾಲು ಒಂದೇ ಕೋಣೆಯಾಗಿತ್ತು: ದಿನಪತ್ರಿಕೆ ಹರಡಿದ ಮೇಜು, ಪುಸ್ತಕಕ್ಕಿಂತ ದೂಳೇ ಹೆಚ್ಚಿದ್ದ ಕಬ್ಬಿಣದ ಬೀರು, ಗೌರವಧನಕ್ಕೆ ದುಡಿಯುತ್ತಿದ್ದ ಅರೆಕಾಲಿಕ ಮೇಲ್ವಿಚಾರಕರು. ಅವರು ಬಾರದ ದಿನ ಬಾಗಿಲಿಗೆ ಬೀಗ.

2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನಿಜವಾದ ತಿರುವು ಇದೇ ಎನ್ನಬೇಕು. ಮುಂದೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂತು. ಹಲವೆಡೆ ಕಂಪ್ಯೂಟರು, ಚೆಸ್ ಮಣೆ, ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳೂ ಅದೇ ಕೋಣೆ ಸೇರಿದವು.