ಬರ್ತೇನ್ರಿ: ಘಟಪ್ರಭೆಯ ಸೀಮೆಯಲ್ಲಿ ಬೀಳ್ಕೊಡುವ ಮಾತು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಊರಿಗೆ ಹೊರಟವರು ‘ಹೋಗ್ತೇನಿ’ ಅನ್ನುವುದಿಲ್ಲ, ‘ಬರ್ತೇನ್ರಿ’ ಅನ್ನುತ್ತಾರೆ. ಬಾಯಿ ತಪ್ಪಿದರೆ ಹಿರಿಯರು ಅಲ್ಲೇ ತಿದ್ದುತ್ತಾರೆ: ‘ಹೋಗ್ತೇನಿ ಅನಬ್ಯಾಡ, ಹೋಗಿ ಬರ್ತೇನಿ ಅನ್ನು.’ ಇದು ಬರಿಯ ಸೌಜನ್ಯವಲ್ಲ. ಸಾವಾದ ಮನೆಗೆ ಮಾತಾಡಿಸಲು ಹೋದವರು ಇದೇ ಮಾತನ್ನು ನುಂಗಿಕೊಂಡು ಸುಮ್ಮನೆ ಎದ್ದು ನಡೆಯುತ್ತಾರೆ. ಇಂಥ ಕಾರಣಕ್ಕೆ ಈ ಮನೆಗೆ ಮತ್ತೆ ಬರುವಂತಾಗದಿರಲಿ ಎಂಬುದು ಅದರ ಒಳಗಿನ ಭಾವ. ಆಡಿದ ಮಾತು ಫಲಿಸುತ್ತದೆಂಬ ನಂಬಿಕೆ ಇರದಿದ್ದರೆ ಆ ಮೌನ ಬೇಕಾಗುತ್ತಿರಲಿಲ್ಲ. ಈ ರೂಢಿಯನ್ನು ಅರಿಯಲು ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಕಿಲ್ಲ ಎಂಬುದು ನನ್ನ ತಿಳಿವಳಿಕೆ.

ಸಂಕೇಶ್ವರ ದಾಟಿ ಗಡಹಿಂಗ್ಲಜದ ಕಡೆ ಹೋದರೆ ಮರಾಠಿ ಮನೆಗಳಲ್ಲಿ ‘ಯೇತೋ’ ಕೇಳುತ್ತದೆ, ಅದೂ ‘ಬರ್ತೇನಿ’ಯೇ. ತಮಿಳರೂ ತೆಲುಗರೂ ಹೋಗಿ ಬರುವ ಮಾತನ್ನೇ ಆಡುತ್ತಾರೆ. 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಎರಡು ನುಡಿಯ ಮನೆಗಳು ಹೊಸತೇನಲ್ಲ. ಗಡಿಯ ಬಗ್ಗೆ ಎಷ್ಟೇ ಜಗಳವಿರಲಿ, ಬಾಗಿಲ ಬಳಿಯ ಹಾರೈಕೆಯಲ್ಲಿ ಎರಡೂ ಕಡೆಯವರು ಒಂದೇ.

ಬೀಳ್ಕೊಡುಗೆಯಲ್ಲಿ ಮಾತಷ್ಟೇ ಅಲ್ಲ, ಕೊಡುವ ವಸ್ತುವೂ ಉಂಟು. ಹಿಂದೆ ಅರಮನೆಯಿಂದ ಹೊರಡಲು ಅಪ್ಪಣೆ ಬೇಕಿತ್ತು, ವೀಳ್ಯ ಅದರ ಗುರುತಾಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕ್, ಇಮ್ಮಡಿ ದೇವರಾಯನ ಆಸ್ಥಾನದಿಂದ ಮರಳುವಾಗ ವೀಳ್ಯ, ಕರ್ಪೂರ, ಹಣದ ಚೀಲ ಕೊಟ್ಟದ್ದನ್ನು ಬರೆದಿಟ್ಟಿದ್ದಾನೆ. ನಮ್ಮ ಹಳ್ಳಿಮನೆಗಳಲ್ಲಿ ಅದೇ ಎಲಿ-ಅಡಿಕಿ ಹೆಣ್ಣುಮಗಳ ಉಡಿಗೆ ಬೀಳುತ್ತದೆ. ಗಂಡನ ಮನೆಗೆ ಹೊರಟವಳನ್ನು ಮಣಿಯ ಮೇಲೆ ಕೂರಿಸಿ, ಅರಿಷಿಣ-ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು ಹಾಕಿ ಉಡಿ ತುಂಬುತ್ತಾರೆ. ಅದರಲ್ಲಿ ಒಂದಿಷ್ಟು ಕಾಳನ್ನು ಅವಳು ತವರಿಗೇ ಬಿಟ್ಟು ಏಳುವ ರೂಢಿ ಹಲವು ಮನೆಗಳಲ್ಲಿದೆ. ಅಜ್ಜಿ ಲಟಿಕೆ ಮುರಿದು ‘ಜ್ವಾಕಿ ಹೋಗಿ ಬಾ ನನ್ನವ್ವ’ ಅನ್ನುತ್ತಾಳೆ. ತವರು ಬಿಡುವ ಈ ಸಂಕಟ ಹಾಡಾಗಿ ಉಳಿದದ್ದಕ್ಕೆ 1931ರ ‘ಗರತಿಯ ಹಾಡು’ ಸಂಗ್ರಹ ಸಾಕ್ಷಿ. ಅದನ್ನು ಸಂಗ್ರಹಿಸಿದ ಹಲಸಂಗಿಯ ಗೆಳೆಯರ ಋಣ ದೊಡ್ಡದು.

ಯಾತ್ರೆಯ ಬೀಳ್ಕೊಡುಗೆಯಲ್ಲಿ ಕಣ್ಣೀರಿಗಿಂತ ಕೂಗು ಹೆಚ್ಚು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳನ್ನು ‘ಉಧೋ ಉಧೋ’ ಎಂದು ಕಳಿಸುತ್ತಾರೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದು ಹೊರಟವರಿಗೆ ಮಲ್ಲಯ್ಯನೇ ಕಾವಲು.

1880ರ ದಶಕದಲ್ಲಿ ರೈಲು ಬಂತು, ಗೋಕಾಕ ಫಾಲ್ಸಿನಲ್ಲಿ ಗಿರಣಿ ಶುರುವಾಯಿತು. ಅಗಲಿಕೆ ಮನೆಯ ಬಾಗಿಲಿನಿಂದ ಸ್ಟೇಷನ್ನಿಗೆ ಸರಿಯಿತು. ಬುತ್ತಿಗಂಟಿನ ಜೊತೆಗೆ ‘ಮುಟ್ಟಿದ ಕೂಡ್ಲೆ ಕಾಗದ ಹಾಕು’ ಎಂಬ ಮಾತೂ ಸೇರಿತು. ಈಗ ಬಸ್‌ಸ್ಟ್ಯಾಂಡಿನಲ್ಲಿ ಕರದಂಟಿನ ಡಬ್ಬಿ ಕೈಗಿಟ್ಟು ‘ಮುಟ್ಟಿದ ಮ್ಯಾಲ ಫೋನ್ ಮಾಡ್ರಿ’ ಅನ್ನುತ್ತಾರೆ. ಸಾಧನ ಬದಲಾದರೂ ಸುಖವಾಗಿ ಮುಟ್ಟಿದ ಸುದ್ದಿಗೆ ಕಾಯುವ ಜೀವ ಅದೇ.

ಗರತಿಯ ಹಾಡಿಗೆ ಸಿಕ್ಕ ಆರೈಕೆ ಈ ಆಡುಮಾತಿಗೂ ಸಿಗಬೇಕು. ಓದುಗರು ತಮ್ಮ ಮನೆಯ ಹಿರಿಯರು ಬೀಳ್ಕೊಡುವಾಗ ಆಡುವ ಮಾತನ್ನು, ಅವರ ಉಚ್ಚಾರದಲ್ಲೇ, ಊರಿನ ಹೆಸರಿನೊಂದಿಗೆ ಬರೆದಿಡಲಿ.